ಅರ್ಧ ಸುತ್ತು

ಪುಂತಾ ಅರೆನಾಸಿನಲ್ಲಿ ಗಾಳಿ ಕೆರಳಿದ ದಿನ
ಬೀದಿಯ ತಿರುವುಗಳಲ್ಲಿ ಹಗ್ಗ ಕಟ್ಟುತ್ತಾರೆ,
ಜನ ಹಾರಿಹೋಗದಿರಲಿ ಎಂದು.
ಹಗ್ಗವನ್ನು ಎಡಗೈಯಲ್ಲಿ ಹಿಡಿದು,
ಬಲಗೈಯನ್ನು ಬೆಕ್ಕಿನ ಮರಿಯ ಹಾಗೆ ಕೋಟಿನೊಳಗೆ ಮುಚ್ಚಿಕೊಂಡು
ದಾನಿತ್ಸಾ ಬಂದಳು
ಅನ್ಸೆಲ್ಮೋನ ಗಡಿಯಾರ ರಿಪೇರಿಯ ಅಂಗಡಿಗೆ.

ಮೂವತ್ತೊಂಬತ್ತು ವರ್ಷ ಒಂದೇ ಮೋರ್ಸ್ ಕೀ,
ದೀಪಸ್ತಂಭ ಕಾಯುತ್ತಿದ್ದ ಅಪ್ಪನದು.
ಮೇಲೆ ಕೆಳಗೆ, ಮೇಲೆ ಕೆಳಗೆ,
ಬಾವಿಯ ರಾಟೆಗಿಂತ ಹೆಚ್ಚು ದುಡಿದ ಮಣಿಕಟ್ಟು
ಈಗ ಚಮಚವನ್ನೂ ಎತ್ತಲೊಲ್ಲದು.
ಗಾಜಿನ ಕೈ ಎನ್ನುತ್ತಾರೆ ಹಳೆಯ ತಂತಿಯವರು.

ಮೇಜಿನ ಮೇಲೆ ಮೂರು ಪ್ಯಾಡಲ್ ಇಟ್ಟ ಅನ್ಸೆಲ್ಮೋ.
ಒಂದು ಮಿರಿಮಿರಿ ಕ್ರೋಮಿನದು;
ಅದರಲ್ಲಿ ತನ್ನ ಮುಖ ಕಂಡು, ಬೇಡವೆಂದಳು.
ಒಂದು ಆಯಸ್ಕಾಂತದ್ದು; ಬೆರಳನ್ನು ಹಿಂದಕ್ಕೆ ದಬ್ಬುವುದರಲ್ಲಿ
ಅದಕ್ಕೆ ಕೊಂಚ ಅವಸರ.
"ನನ್ನ ಅತ್ತೆಯ ಮನೆ ಬಾಗಿಲು" ಅಂದಳು.
ಮೂರನೆಯದು ಅವನೇ ಚಳಿಗಾಲವಿಡೀ ಕೂತು ಮಾಡಿದ್ದು:
ಒಡೆದ ಹಡಗಿನ ಹಿತ್ತಾಳೆ, ಗಡಿಯಾರದ ಸ್ಪ್ರಿಂಗು,
ಬೆರಳಿಡುವಲ್ಲಿ ಲೆಂಗಾ ಮರದ ಎರಡು ತೆಳು ಚಕ್ಕೆ.
ತೂಕ ಒಂದೂವರೆ ಕಿಲೋ. ದಬ್ಬಿದಳು. ಅಲುಗಲಿಲ್ಲ.
"ಇದು" ಅಂದಳು, "ನನಗಿಂತ ಹಟಮಾರಿ."
"ಹಿಸುಕಬೇಡ, ಸೋಕು ಸಾಕು" ಅಂದ ಅವನು,
ದುಡ್ಡು ಎಣಿಸದೆ ಪೆಟ್ಟಿಗೆಗೆ ಹಾಕುತ್ತ.

ಕೊಂಡದ್ದಾಯಿತು. ಪಳಗಿಸುವುದು ಬೇರೆ ಕೆಲಸ.
ಹೆಬ್ಬೆರಳಿಗೆ ಚುಕ್ಕೆ, ತೋರುಬೆರಳಿಗೆ ಗೆರೆ,
ಹಿಡಿದಷ್ಟು ಹೊತ್ತೂ ಸಾಲು ಸಾಲು, ಎಲ್ಲ ಒಂದೇ ಅಳತೆ.
ನಮ್ಮ ಛಂದಸ್ಸಿನಲ್ಲಿ ಗುರುವಿಗೆ ಎರಡೇ ಮಾತ್ರೆ;
ಈ ಗೆರೆಗೆ ಮೂರು.
ಅದು ಪ್ಲುತ: ದೂರದವರನ್ನು ಕೂಗುವಾಗ
ಹೆಸರಿನ ತುದಿ ಎಳೆಯುತ್ತೇವಲ್ಲ, ಆ ಉದ್ದ.
ದಾನಿತ್ಸಾಗೆ ಇದು ಗೊತ್ತಿಲ್ಲ.
ಅವಳು ಎಳೆದದ್ದೆಲ್ಲ ಅಂಥದೇ.

ಮೊದಲ ಸಂಜೆ ಸಂದಿನಲ್ಲಿ ಬಸ್ಸಿನ ಟಿಕೇಟು ತೂರಿಸಿ
ಅಷ್ಟಗಲ ಬಿಟ್ಟಳು. ನಡೆದು ನಡೆದು ಬೆರಳು ದಣಿಯಿತು.
ಮರುದಿನ ಸಿಗರೇಟಿನ ಹಾಳೆ.
ಉಸಿರಿಗೂ ಓಗೊಡುವಷ್ಟು ಹತ್ತಿರ.
ಹಿಗ್ಗಿ ಮಲಗಿದಳು.
ನಡುರಾತ್ರಿ ತಗಡಿನ ಮನೆ ನಡುಗಿದಾಗ
ಖಾಲಿ ಕೋಣೆಯಲ್ಲಿ ಚುಕ್ಕೆ.
ಚುಕ್ಕೆ.
ಚುಕ್ಕೆ ಚುಕ್ಕೆ.
ಎದ್ದು ಬಂದು ದೀಪ ಹಾಕಿದಳು.
ಜಲಸಂಧಿಯ ಗಾಳಿ ಅವಳ ಕುರ್ಚಿಯಲ್ಲಿ ಕೂತು
ಒಂದೇ ಅಕ್ಷರ ತಿದ್ದುತ್ತಿತ್ತು.
"ನಿನಗಲ್ಲ ತಂದದ್ದು" ಎಂದು ಗದರಿ
ತಿರುಪನ್ನು ಅರ್ಧ ಸುತ್ತು ಹಿಂದಕ್ಕೆ,
ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಿಗಿಗೆ.
ನಟ್ಟು ಬಿಗಿಯುವಾಗ ತಿರುಪೂ ಜೊತೆಗೆ ಹೊರಳಿ
ಮತ್ತೆ ಮೊದಲಿನಿಂದ.

ಶನಿವಾರ ಬೆಳಗಿನ ಜಾವ, ಹೋಬಾರ್ಟಿನ ಮರ್ವಿನ್.
ಇಪ್ಪತ್ತೆರಡು ವರ್ಷದ ಗೆಳೆಯ;
ಮುಖ ನೋಡಿಲ್ಲ, ದನಿ ಕೇಳಿಲ್ಲ,
ಕೈ ಬಲ್ಲ.
ಕರೆದಳು. ಅಚ್ಚೊತ್ತಿದ ಹಾಗೆ ನುಣ್ಣಗೆ ಹೋದವು ಅಕ್ಷರ.
ಯಾರು ನೀವು, ಕೇಳಿದ,
ಅವಳ ಕರೆಗುರುತು ಬಳಸುತ್ತಿರುವವರು?

ನಗು ಬಂತು. ಆಮೇಲೆ ನಿಂತಿತು.
ಚುಕ್ಕೆ ಯಂತ್ರದ್ದು, ಗೆರೆ ಯಂತ್ರದ್ದು,
ತನ್ನದೇನು ಉಳಿಯಿತು ಎಂದು ಹುಡುಕುತ್ತ
ಮತ್ತೊಮ್ಮೆ ಕಳಿಸಿದಳು.
ಕೊನೆಯ ಅಕ್ಷರಕ್ಕೆ ಮುಂಚೆ
ಹೊಸಿಲಲ್ಲಿ ಕೈಗವಸು ಹುಡುಕುವಷ್ಟು ಹೊತ್ತು
ತಡೆದಳು, ಯಾವಾಗಲೂ ತಡೆಯುವ ಹಾಗೆ.
ಯತಿ.
ಅದನ್ನು ಯಾವ ತಿರುಪೂ ಮುಟ್ಟುವುದಿಲ್ಲ.

ಅತ್ತ ಸದ್ದಿಲ್ಲ. ಚರಚರ. ಆಮೇಲೆ:
ದಾನಿ.
ಹೋದ ಚಳಿಗಾಲದಿಂದ ನಿನ್ನ ಗೆರೆಗಳು ಗಿಡ್ಡವಾಗುತ್ತಿದ್ದವು.
ಕೈನೋವೆಂದುಕೊಂಡೆ. ಕೇಳಲಿಲ್ಲ.
ಈಗ ಹೇಗಿದೆ?

ಮಣಿಕಟ್ಟು ನೋಡಿಕೊಂಡಳು.
ವಾಸಿ, ಎಂದು ಒತ್ತಿದಳು;
ಒಂದೊಂದು ಗೆರೆಯೂ ಸರಿಯಾಗಿ ಮೂರು ಮಾತ್ರೆ,
ನಿಜವೋ ಸುಳ್ಳೋ ಹೋಬಾರ್ಟಿಗೆ ತಿಳಿಯದಷ್ಟು ಸಮ.

ಹೊಸದರ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟಳು.
ಅಪ್ಪನ ಕೀ ಪಕ್ಕದಲ್ಲೇ ಇದೆ,
ಧೂಳಿಗೆ ಕರವಸ್ತ್ರ ಹೊದ್ದು.
ತಂತಿ ಕಿತ್ತಿಲ್ಲ.