ಷರಾ

ಫಾರಮ್ಮಿನ ಮೇಲೆ ಅಚ್ಚಾಗಿತ್ತು:
‘ಕಳೆದ ಎರಡು ವಾರಗಳಲ್ಲಿ
ತಮಗೆ ಖಿನ್ನತೆಯ ಭಾವ ಉಂಟಾಗಿದೆಯೇ?’
ನಾನು ತುಮಕೂರಿನ ಕಡೆಯವನು, ಬಿಡಿಸಿ ಬಿಡಿಸಿ ಓದಿದೆ.
ಕಾಶವ್ವ ಜೋಳ ಹಸನು ಮಾಡುತ್ತ
ಮೊರದಿಂದ ಕಣ್ಣೆತ್ತದೆ ಅಂದಳು:
‘ಎರಡ ವಾರ ಎಲ್ಲೀದ್ರಿ,
ನಾ ಹಿಡಿಯೂದು ಸೋಮವಾರ ಒಂದ.’

ಬಾಗಲಕೋಟೆಯಿಂದ ಹನ್ನೆರಡು ಕಿಲೋಮೀಟರು.
ಊರಿಗೆ ಮುಳುಗಿದ ಊರಿನದೇ ಹೆಸರು,
ಬೋರ್ಡಿನಲ್ಲಿ ಮಾತ್ರ ಬಾಲದಂತೆ ‘ಪು.ಕೇಂ.’
ಅಡ್ಡರಸ್ತೆ ಐದು, ಪ್ಲಾಟು ನೂರಾ ಹದಿನಾರು.
ಬೇವಿನ ಗಿಡಗಳು ಸರಕಾರ ಅಳೆದ ಅಂತರದಲ್ಲಿ ನಿಂತಿವೆ.

ನಿದ್ರೆಗೆ ತೊಂದರೆ? ‘ಇಲ್ಲರಿ.’ ಸೊನ್ನೆ.
ಹಸಿವು ಕಡಿಮೆ? ‘ಸೋಮವಾರ ಒಪ್ಪತ್ತರಿ.’ ಸೊನ್ನೆ.
ತಾವು ಸೋತವರು ಎಂಬ ಅನಿಸಿಕೆ?
‘ಯಾರ ಜೋಡಿ ಆಟ?’
ಬಾಗಿಲಲ್ಲಿ ನಿಂತ ಸೊಸೆ ನಕ್ಕಳು.
ಒಂಬತ್ತನೆಯದು ಸಾವಿನ ಪ್ರಶ್ನೆ.
ಸೊಸೆ ಅಲ್ಲೇ ಇದ್ದಳು. ನಾನು ದನಿ ತಗ್ಗಿಸಿ ಓದಿದೆ, ಅಷ್ಟೆ.
ಕಾಶವ್ವ ಮೊರ ಕೇರಿದಳು:
‘ಶಿವ ಕರದಾಗ ಎಲ್ಲಾರೂ ಹೋಗೂದ.’
ಒಟ್ಟು ಸೊನ್ನೆ. ಹಸಿರು ಚೌಕ. ನಾರ್ಮಲ್.

ನಾನು ಪೆನ್ನು ಮುಚ್ಚುವ ಹೊತ್ತಿಗೆ
ಆಶಾ ಕಾರ್ಯಕರ್ತೆ ಮಾಬೂಬಿ,
ಅಲ್ಲಿಯ ತನಕ ಕಟ್ಟೆಯ ಮೇಲೆ ಸುಮ್ಮನೆ ಕೂತವಳು,
ಸೊಸೆಯನ್ನು ಸಕ್ಕರೆಗೆಂದು ಅಂಗಡಿಗೆ ಕಳಿಸಿದಳು.
ಮೊರದ ಇನ್ನೊಂದು ಅಂಚು ಹಿಡಿದು
ಹಳ್ಳು ಆರಿಸುತ್ತ ಕೇಳಿದಳು:
‘ಯವ್ವಾ, ಈ ವಾರದಾಗ ಎಷ್ಟ ರೊಟ್ಟಿ ಕರಕಾದುವು?’

ಕಾಶವ್ವನ ಕೈ ನಿಂತಿತು.
ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು
ಎರಡೂ ಟ್ರೇಲರು ಎಳೆದುಕೊಂಡು ದಾಟುವವರೆಗೆ
ಯಾರೂ ಮಾತಾಡಲಿಲ್ಲ.

‘ದಿನಾ ಎರಡ, ಮೂರ.
ಬಡಿಯೂದ ಬಡೀತೀನಿ, ಹಂಚಿಗೆ ಹಾಕಿ ಮರೀತೀನಿ.
ಆ ಮನ್ಯಾಗ ಹೊಗಿ ಹಿತ್ತಲಕ ಹೋಗ್ತಿತ್ತು,
ಇಲ್ಲಿ ಎದಿಯಾಗ ಕೂಡತೈತಿ.
ರೊಟ್ಟಿ ಹಂಚಿಗೆ ಹತ್ತತೈತಿ,
ಜೀವ ಮನಿಗೆ ಹತ್ತವಲ್ದು.’

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ
ಹಳೇ ಮನೆಯ ಕಲ್ಲಿನ ಹೊಸ್ತಿಲು ಕಾಣುತ್ತದಂತೆ.
ಹೋದ ವರ್ಷ ಮೊಣಕಾಲುದ್ದ ಕೆಸರು ದಾಟಿ
ಅರಿಷಿಣ ಹಚ್ಚಿ ಬಂದಳಂತೆ.
‘ಒಬ್ಬಾಕೀನ ಯಾಕ ಹೋದಿ?’
‘ತಿರುಗಿ ಬರಬೇಕಂತ ಹೋಗಿದ್ದಿಲ್ಲ.’
ಒಂದು ಹಳ್ಳು ಅಂಗಳಕ್ಕೆ ಎಸೆದಳು.
‘ಆಡು ಬಿಚ್ಚಿ ಬಂದಿದ್ದೆ. ಕಟ್ಟೂದಿತ್ತು. ಬಂದೆ.’

ಮಾಬೂಬಿ ಬೆಚ್ಚಲಿಲ್ಲ, ನಾನು ಬೆಚ್ಚಿದೆ.
‘ಈ ಸಲ ನಾನೂ ಬರ್ತೀನಿ, ಅರಿಷಿಣ ನಂದು,’ ಅಂದಳು.
‘ಅದಕ್ಕೂ ಮೊದಲ, ನಾಳೆ ಮುಂಜಾನಿ
ಡಾಕ್ಟರ್ ಹಂತ್ಯಾಕ ಹೋಗೂಣು, ನಾವಿಬ್ಬರ.
ತಲಿ ಕೆಟ್ಟೈತಿ ಅಂತಲ್ಲ.
ರೊಟ್ಟಿ ಕರಕಾಗ್ತಾವ ಅಂತ.’
ಕಾಶವ್ವ ಬಹಳ ಹೊತ್ತು ಜೋಳ ನೋಡಿದಳು.
‘ಆತು. ಎಂಟರ ಬಸ್ಸಿಗಿ.’

ನವನಗರದ ಕಚೇರಿಯಲ್ಲಿ ಕಂಪ್ಯೂಟರು
ಸೊನ್ನೆಯಿಂದ ಮೂರರ ತನಕ ಮಾತ್ರ ಒಪ್ಪುತ್ತದೆ.
ಹಸಿರು ಚೌಕ ಅಳಿಸಿ, ಕೆಂಪಿಗೆ ಗುರುತು ಹಾಕಿ,
ಷರಾ ಎಂಬಲ್ಲಿ ಬರೆದೆ: ರೊಟ್ಟಿ, ದಿನಕ್ಕೆ ಎರಡು ಮೂರು.
ಮೇಲಿನವರು ಫೋನು ಮಾಡಿದರು,
ಇದೇನು ಆಹಾರದ ಸರ್ವೆಯೇನ್ರಿ ಅಂತ.

ಮರುದಿನ ಆಸ್ಪತ್ರೆಯ ಮೆಟ್ಟಿಲಲ್ಲಿ
ಉಳಿದ ಫಾರಮ್ಮುಗಳನ್ನು ಮಾಬೂಬಿಯ ಮುಂದಿಟ್ಟೆ,
ಹಿಂಬದಿ ಖಾಲಿ ಇತ್ತು.
‘ಗಂಡಸರಿಗೆ ರೊಟ್ಟಿ ನಡಿಯಂಗಿಲ್ರಿ,’ ಅಂದಳು,
‘ಅವರಿಗೆ ಬ್ಯಾರೆ ಕೇಳಬೇಕು.’
ಏನಂತ?
ಚಪ್ಪಲಿಗೆ ಕಾಲು ತೂರಿಸುತ್ತ ಯೋಚಿಸಿದಳು.
‘ಇನ್ನಾ ಸಿಕ್ಕಿಲ್ಲ.’