ನಿವ್ವಳ ತೂಕ

ಸೊಹಾರ್ ಬಂದರಿನ ಮೂರನೇ ಗೇಟಿನಲ್ಲಿ
ಲಾರಿ ತೂಗುವುದು ನನ್ನ ಕೆಲಸ.
ತುಂಬಿ ಬಂದದ್ದರಲ್ಲಿ ಖಾಲಿ ಹೋದದ್ದನ್ನು ಕಳೆದರೆ
ನಿವ್ವಳ.
ಹನ್ನೊಂದು ವರ್ಷದಿಂದ ಇದೊಂದೇ ಲೆಕ್ಕ,
ಬೆಳಿಗ್ಗೆ ಆರರಿಂದ ಸಂಜೆ ಆರು, ಶುಕ್ರವಾರ ರಜೆ.

ಇದು ಗೋಣಿ.
ಬಾಸ್ಮತಿಯ ಹರಿದ ಚೀಲದೊಳಗೆ, ಕಸದ ಡಬ್ಬಿಯ ನೆರಳಲ್ಲಿ
ಸಿಕ್ಕಿದ್ದಕ್ಕೆ ಆ ಹೆಸರು.
ಮೇ ತಿಂಗಳು, ಡಾಮರಿನ ಮೇಲೆ ಕಾಲಿಟ್ಟರೆ
ಅಂಗಾಲು ಹಪ್ಪಳವಾಗುವ ಹೊತ್ತು.
ಅಂಗಿಯೊಳಗೆ ಹಾಕಿಕೊಂಡೆ; ಅದು ನೇರ
ಕೊರಳಿನ ಐಡಿ ಕಾರ್ಡಿಗೇ ಬಾಯಿ ಹಾಕಿತು.
ಈಗ ನನ್ನ ಫೋಟೋದ ಗಲ್ಲದಲ್ಲಿ ಎರಡು ತೂತು,
ಗೇಟಿನ ಪೊಲೀಸ ದಿನಾ ನೋಡಿ ನಗುತ್ತಾನೆ.

ನಾಯಿಮರಿಗೆ ಶಿಫ್ಟು ಗೊತ್ತಿಲ್ಲ.
ಎರಡು ಗಂಟೆಗೊಮ್ಮೆ ಉಚ್ಚೆ, ಮೂರು ಗಂಟೆಗೊಮ್ಮೆ ಹಸಿವು,
ಉಳಿದ ಹೊತ್ತು ನನ್ನ ಎಡಗಾಲಿನ ಚಪ್ಪಲಿ.
ಬಲಗಾಲಿನದ್ದು ಯಾಕೋ ಮೂಸಿಯೂ ನೋಡುವುದಿಲ್ಲ.

ಮಧ್ಯಾಹ್ನ ನಲವತ್ತು ನಿಮಿಷ ಊಟದ ಬಿಡುವು.
ಹೋಗಲು ಹದಿನಾಲ್ಕು, ಬರಲು ಹದಿನಾಲ್ಕು,
ನೆಲ ಒರೆಸಲು ಐದು, ಮೊಸರನ್ನ ಕಲಸಲು ಮೂರು.
ಮಿಕ್ಕ ನಾಲ್ಕು ನಿಮಿಷ
ಅದು ನನ್ನ ಕಿವಿ ಕಚ್ಚುತ್ತದೆ, ನಾನು ಗಡಿಯಾರ ನೋಡುತ್ತೇನೆ.
ನನ್ನ ಊಟ ಸ್ಟೇರಿಂಗಿನ ಮೇಲೆ,
ಒಂದು ಖುಬ್ಬೂಸ್, ಸಿಗ್ನಲ್ ಕೆಂಪಾದಾಗಲೆಲ್ಲ ಒಂದು ತುತ್ತು.

ಒಂದು ಶುಕ್ರವಾರ ಎತ್ತಿಕೊಂಡು ಹೋಗಿ
ಖಾಲಿ ತೂಕದ ಸೇತುವೆಯ ಮೇಲೆ ನಿಂತೆ.
ಪರದೆ ಎಂಬತ್ತು ಕಿಲೋ ಅಂದಿತು.
ಗೋಣಿಯನ್ನು ಆಚೆ ಇಳಿಸಿದೆ. ಎಂಬತ್ತು.
ಇಪ್ಪತ್ತರ ಮೆಟ್ಟಿಲಲ್ಲಿ ಎಣಿಸುವ ಯಂತ್ರಕ್ಕೆ
ಗೋಣಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪಕ್ಕದ ಕೋಣೆಯ ಗುಲ್ ನವಾಜ್,
ರಾತ್ರಿ ಪಾಳಿಯಲ್ಲಿ ನೀರಿನ ಟ್ಯಾಂಕರ್ ಓಡಿಸುವವನು,
ಮೊದಲ ದಿನವೇ ಹೇಳಿದ್ದ:
"ದೇಜು ಭಾಯ್, ನಾಯಿ ಇರುವ ಮನೆಗೆ
ಫರಿಷ್ತೆಗಳು ಬರುವುದಿಲ್ಲ. ನಾನೂ ಬರುವುದಿಲ್ಲ."
ಹಗ್ಗದ ಮೇಲೆ ಅವನ ಬಟ್ಟೆ
ನನ್ನ ಬಟ್ಟೆಯಿಂದ ಒಂದು ಮೊಳ ಆಚೆ ಸರಿಯಿತು.
ತಪ್ಪೇನಿಲ್ಲ. ಐದು ಹೊತ್ತು ಕೈಕಾಲು ತೊಳೆಯುವ ಮನುಷ್ಯ.

ಹಗಲಿಡೀ ಅದು ಏನು ಮಾಡುತ್ತದೆ?
ಹಳೆಯ ಫೋನನ್ನು ಫ್ರಿಜ್ಜಿನ ಮೇಲಿಟ್ಟು
ರೆಕಾರ್ಡಿಂಗ್ ಒತ್ತಿ ಹೊರಟೆ.
ರಾತ್ರಿ ಕಂಕುಳಲ್ಲಿ ಗೋಣಿಯ ನಿದ್ದೆ, ಕಿವಿಯಲ್ಲಿ ಅದರದೇ ಹಗಲು.
ಮೊದಲು ನನ್ನ ಬೀಗದ ಸದ್ದು.
ಆಮೇಲೆ ಅಳು.
ನಲವತ್ತೊಂದು ನಿಮಿಷ, ಎಲ್ಲಿಯೂ ಹಾರಿಸದೆ ಕೇಳಿದೆ.
ಅಷ್ಟರಲ್ಲಿ ನಾನು ಒಂಬತ್ತು ಲಾರಿ ತೂಗಿರುತ್ತೇನೆ.

ಆಮೇಲೆ, ಬಾಗಿಲ ಹೊರಗೆ
ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದು.
ಕೆಮ್ಮು.
ಬಾಗಿಲ ಕೆಳಗಿನ ಸಂದಿಯಿಂದ ಒಂದು ದನಿ, ಪಶ್ತೋದಲ್ಲಿ.
ನನಗೆ ತಿಳಿದದ್ದು ಮೂರೇ ಮಾತು:
ರಾಶಾ ಅಂದರೆ ಬಾ. ಸ್ವಾತ್ ಅಂದರೆ ಅವನೂರು.
ಇನ್ನೊಂದು, ಗೂನಿ.
ಗೂನಿ, ಗೂನಿ ಎಂದು ಏನೋ ಉದ್ದದ ಕತೆ,
ಕುರಿಗಳಿದ್ದಿರಬೇಕು ಅದರಲ್ಲಿ, ನಡುವೆ ಒಮ್ಮೆ
ಬ್ಯಾ ಎಂದ.
ಅಳು ಸಂದಿಗೆ ಮೂಗಿಟ್ಟು ಮೂಸಾಟವಾಯಿತು,
ಮೂಸಾಟ ನಿಂತಿತು.
ರಾತ್ರಿಯೆಲ್ಲ ನೀರು ಹೊತ್ತು ಬಂದ ಮನುಷ್ಯ.
ಕೊನೆಯ ಒಂದು ಗಂಟೆ
ಗೊರಕೆ, ಒಳಗೊಂದು, ಹೊರಗೊಂದು.

ಕೇಳಿದೆನೆಂದು ಅವನಿಗೆ ಹೇಳಲಿಲ್ಲ.
ಮರುದಿನ ಹೊರಡುವಾಗ ಆ ಕುರ್ಚಿಯ ಮೇಲೆ
ಫ್ಲಾಸ್ಕಿನಲ್ಲಿ ಚಹಾ, ಒಂದು ಲೋಟ ಇಟ್ಟೆ.
ಸಂಜೆ ಬಂದರೆ ಲೋಟ ತೊಳೆದು ಬೋರಲು ಹಾಕಿತ್ತು.
ಪಕ್ಕದಲ್ಲಿ ಒಂದು ಪೇಶಾವರಿ ಚಪ್ಪಲಿ,
ಹಳತು, ಹಿಮ್ಮಡಿ ಸವೆದದ್ದು,
ಎಡಗಾಲಿನದು ಮಾತ್ರ.