ಗಾಳಿಮಾತು

ಚಿಲೋಯೆಯ ತೆಂಕಣ ತುದಿಗಿರುವ ಈ ಪುಟ್ಟ ದ್ವೀಪದಲ್ಲಿ
ದಿನದ ನನ್ನ ಮೊದಲ ಕೆಲಸ
ಬೆರಳ ಗೆಣ್ಣಿನಿಂದ ಗಾಜಿಗೊಂದು ಮೆಲ್ಲನೆಯ ತಟ್ಟು,
ಮಲಗಿದವರ ಬಾಗಿಲು ತಟ್ಟಿದ ಹಾಗೆ.
ಒಳಗಿರುವವನು ಪಾದರಸ.
ಏರಿದನೋ ಇಳಿದನೋ ನೋಡಬೇಕು, ಬರೆದಿಡಬೇಕು,
ಬೇಕಾದರೆ ಬಂದರಿನ ಕಂಬಕ್ಕೆ ಬಾವುಟ ಏರಿಸಬೇಕು.
ಸಂಬಳ ಇಷ್ಟಕ್ಕೇ.

ಮೂರು ಗೇಣಿಗಿಂತ ತುಸು ಉದ್ದದ ಬೆಳ್ಳಿಕಡ್ಡಿ
ತಕ್ಕಡಿಯ ಒಂದು ತಟ್ಟೆಯಲ್ಲಿ;
ಇನ್ನೊಂದರಲ್ಲಿ ಇಡೀ ಆಕಾಶ.

ಗಾಳಿಗೂ ತೂಕವಿದೆ ಎಂದರೆ ಅಜ್ಜಿ ಎದೆಲ್ಮೀರಾ ನಗುತ್ತಿದ್ದಳು:
'ತೂಕವಿದ್ದಿದ್ದರೆ ಯಾರಾದರೂ ಸಂತೆಯಲ್ಲಿ ಮಾರುತ್ತಿದ್ದರು.'
ಅವಳ ಯಂತ್ರ, ಒಲೆಯ ಪಕ್ಕ ದಾರಕ್ಕೆ ತೂಗುವ ಏಡಿಚಿಪ್ಪು.
ಒಣ ದಿನಕ್ಕೆ ಮೂಳೆಯಂತೆ ಬಿಳಿ,
ಮಳೆಗೆ ಮುಂಚೆ ಕೆಂಪು ಚುಕ್ಕೆ,
ದಡಾರ ಎದ್ದ ಮಗುವಿನ ಬೆನ್ನು.
ಅದು ಬರೀ ತೇವ ಮೂಸುತ್ತದೆ ಅಜ್ಜಿ, ಎಂದೆ ನಾನು,
ಹೊಸ್ತಿಲಿಗೆ ಬಂದ ಮಳೆಯನ್ನಷ್ಟೇ ಗುರುತಿಸುತ್ತದೆ.
ನನ್ನದಕ್ಕೆ ದೂರದ ಕಡಲಲ್ಲಿ ನಡೆಯುವುದೂ ತಿಳಿಯುತ್ತದೆ.
'ನಿನ್ನದನ್ನು ಸಾರಿಗೆ ಹಾಕಲಾದೀತೇ?' ಎಂದಳು.

ಕಲಿಯಲು ತಡವಾದದ್ದು ಇದು:
ಗಾಳಿ ಭಾರವಾದರೆ ಒಳ್ಳೆಯ ದಿನ.
ತೆಂಕಣ ಗಾಳಿ, ತೊಳೆದ ನೀಲಿ, ಬೇಲಿಯ ಮೇಲೆ ಒಣಗುವ ಉಣ್ಣೆ.
ಹಗುರಾದರೆ ಹೆದರಬೇಕು.
ಪಡುವಣದಲ್ಲೆಲ್ಲೋ ಗಾಳಿಗೆ ಗುಳಿ ಬಿದ್ದಿದೆ,
ತುಂಬಲು ಸುತ್ತಲಿನದು ಓಡಿ ಬರುತ್ತಿದೆ,
ಭೂಮಿ ತಿರುಗುವುದಕ್ಕೆ ನೇರ ಓಡಲಾರದೆ ತಾನೂ ತಿರುಗುತ್ತ.
ಆ ಓಟಕ್ಕೆ ನಾವು ಬಿರುಗಾಳಿ ಎನ್ನುತ್ತೇವೆ.

ಆಗಸ್ಟಿನ ಆ ಮಂಗಳವಾರ ಆಕಾಶದಲ್ಲಿ ಒಂದು ಗೀರಿಲ್ಲ.
ಆರು ಗಂಟೆಗೆ ಏಳುನೂರ ಐವತ್ತೆಂಟು.
ಹತ್ತಕ್ಕೆ ಐವತ್ಮೂರು.
ಹನ್ನೆರಡಕ್ಕೆ ನಲವತ್ತೊಂಬತ್ತು.
ಅಂಕಿಗಿಂತ ಇಳಿಯುವ ಅವಸರ ನೋಡು, ಎಂದಿದ್ದರು ಕಲಿಸಿದವರು.
ಬಾವುಟ ಏರಿಸಿದೆ. ಬಂದರು ಬಂದ್.

ರೊಸಾಮೆಲ್ ಕಾರ್ಕಮೋ ಬಂದ. ಅವನೂ ಪಾದರಸವೇ,
ನಿಂತಲ್ಲಿ ನಿಲ್ಲದವನು.
ಪೆಟ್ಟಿಗೆ ತುಂಬ ಐಸು, ಸಾಲದ ಡೀಸೆಲ್ಲು,
ತಂಗಿಯ ಮದುವೆಗೆ ಹದಿನೆಂಟು ದಿನ.
'ಮೇಲೆ ನೋಡು. ನಿನ್ನದು ಬರೀ ಗಾಳಿಮಾತು.'
ಹೌದು, ಎಂದೆ. ಗಾಳಿಯದೇ ಮಾತು.

ಸಂಜೆಗೆ ಒಂದಿಷ್ಟು ಮೋಡ. ಚಿಪ್ಪಿನ ಮೇಲೆ ಒಂದೇ ಚುಕ್ಕೆ.
ರಾತ್ರಿ ನಾಲ್ಕು ಹನಿ, ಅದೂ ಎಣಿಸಿದಂತೆ.
ಬಿರುಗಾಳಿ ನಮ್ಮನ್ನು ಬಿಟ್ಟು ತೆಂಕಕ್ಕೆ ಹೋಯಿತು,
ಜನವಿಲ್ಲದ ಕಾಲುವೆಗಳಲ್ಲಿ ಕಡಲನಾಯಿಗಳನ್ನು ಬೈಯಲು.
ಬೆಳಗಾದಾಗ ರೊಸಾಮೆಲ್
ಕರಗಿದ ಐಸನ್ನೆಲ್ಲ ನನ್ನ ಮೆಟ್ಟಿಲಿಗೆ ಸುರಿದು ಹೋದ.
ಕಡ್ಡಿ ತೂಕ ಹೇಳುತ್ತದೆ, ದಾರಿ ಹೇಳುವುದಿಲ್ಲ.
ಇದನ್ನು ಯಾರಿಗೆ ಹೇಳಲಿ,
ಮೆಟ್ಟಿಲು ಒರೆಸಿದೆ.

ಸೆಪ್ಟೆಂಬರಿನಲ್ಲಿ ಮತ್ತೆ ಇಳಿಯಿತು,
ಈ ಸಲ ಮೂರು ದಿನ, ಸೋಮಾರಿಯಂತೆ, ಕೂತು ಕೂತು.
ಬಡಗಣ ಗಾಳಿ ಬಂದು
ಕಂಬದ ಮೇಲಿನ ಮನೆಗಳ ಮೊಣಕಾಲು ಹಿಡಿದು ಅಲುಗಿಸಿತು.
ನಡುರಾತ್ರಿ ತಟ್ಟನೆ ಮೌನ.
ಬ್ಯಾಟರಿ ಹಿಡಿದು ನೋಡಿದರೆ ಕಡ್ಡಿ ಮೇಲಕ್ಕೆ ಜಿಗಿದಿದೆ.
ನನ್ನ ಹೆಗಲ ಹಿಂದೆ ರೊಸಾಮೆಲ್, ತೊಪ್ಪೆಯಾಗಿ:
'ಏರಿತಲ್ಲ. ಹಗ್ಗ ಬಿಚ್ಚಲೇ?'

ಬೇಡ, ಎಂದೆ. ಇಷ್ಟು ಬೇಗ ಏರಿದರೆ ಅದೂ ಏಟೇ.
ಗುಳಿ ಮುಂದೆ ಸಾಗಿದೆ,
ಅದರ ಬೆನ್ನು ಹತ್ತಿದ್ದು ಇನ್ನೂ ದಾರಿಯಲ್ಲಿದೆ.
ಅವನು ನಿಂತ.
ನಿಂತಲ್ಲಿ ನಿಲ್ಲದವನು
ನನ್ನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.
ಆಮೇಲೆ ಬಂತು ಅದು, ಪಡುವಣದಿಂದ,
ಮಾಡಿನ ಹಲಗೆಗಳನ್ನು ಇಸ್ಪೀಟಿನಂತೆ ಊರಿಗೆಲ್ಲ ಹಂಚುತ್ತ.

ಬೆಳಗ್ಗೆ ದೋಣಿ ಹಗ್ಗದಲ್ಲೇ ಇತ್ತು.
ಅವನೇನೂ ಹೇಳಲಿಲ್ಲ.
ಹೊರಡುವಾಗ ಗಾಜಿನ ಮುಂದೆ ನಿಂತು
ಬೆರಳು ಮಡಚಿ ತಟ್ಟಿದ, ಜೋರಾಗಿ.

ಹಾಗಲ್ಲ, ಎಂದೆ.
ಮೆಲ್ಲಗೆ.